ಮನೆ ಖಾಲಿ ಮಾಡಿಸಿದರೆ ಕಾಯಿಲೆ ಹೋಗುವುದಿಲ್ಲ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ಹಳೆಯ ಮನೆಗಳಲ್ಲಿ ಯಾವುದನ್ನೂ ಸುಲಭಕ್ಕೆ ಎಸೆಯುತ್ತಿರಲಿಲ್ಲ. ರಾಗಿಗೆ ಹಗೇವು ಇತ್ತು, ಕಾಳಿಗೆ ವಾಡೆ ಇತ್ತು, ಮುರಿದ ಕುಂಟೆಗೂ ತೂತು ಬಿದ್ದ ಕೊಳಗಕ್ಕೂ ಅಟ್ಟವಿತ್ತು. ಮಳೆಯನ್ನೇ ನಂಬಿದ ಈ ಬಯಲುಸೀಮೆಗೆ ಕೂಡಿಡುವುದನ್ನು ಕಲಿಸಿದ್ದು ಬರ. 1876ರಿಂದ 1878ರವರೆಗೆ ಕಾಡಿದ ಧಾತು ಈಶ್ವರ ಬರದ ಹೊಡೆತಕ್ಕೆ, 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅಂಥ ಅನುಭವವಿದ್ದ ಊರಲ್ಲಿ ಅಜ್ಜಿ ‘ಇರ್ಲಿ ಬಿಡು, ಯಾವತ್ತಾದ್ರೂ ಬೇಕಾಗುತ್ತೆ’ ಎಂದರೆ ಎದುರು ಮಾತಿರಲಿಲ್ಲ.

ಇಂಥ ಕಡೆ ಕೂಡಿಡುವುದೂ ಒಂದು ಕಾಯಿಲೆಯಾಗಬಹುದು ಎಂದರೆ ಜನ ನಂಬುವುದು ಕಷ್ಟ. ಹಜಾರದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹಳೆ ಪತ್ರಿಕೆ, ಪ್ಲಾಸ್ಟಿಕ್ ಕವರು, ಖಾಲಿ ಡಬ್ಬಿ, ಹರಿದ ಬಟ್ಟೆ ತುಂಬಿಕೊಂಡವರಿಗೆ ಊರು ಕೊಡುವ ಹೆಸರುಗಳು ಜಿಪುಣ, ಸೋಮಾರಿ, ಗಲೀಜು. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ‘ಯಾರೋ ಮಾಟ ಮಾಡ್ಸಿದಾರೆ’ ಎನ್ನುತ್ತಾರೆ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗೋಣ ಎನ್ನುವ ಮಾತು ಬರುವ ಹೊತ್ತಿಗೆ ಮನೆಯೂ ಮನಸ್ಸೂ ಸಂಬಂಧಗಳೂ ಬಹಳ ದೂರ ಹೋಗಿರುತ್ತವೆ.

ವೈದ್ಯಲೋಕವೂ ಇದನ್ನು ಗುರುತಿಸಿದ್ದು ತಡವಾಗಿಯೇ. ಅಮೆರಿಕದ ಮನೋವೈದ್ಯರ ಸಂಘ 2013ರ ಮೇ ತಿಂಗಳಲ್ಲಿ ಹೊರತಂದ ಡಿಎಸ್ಎಂ-5 ಕೈಪಿಡಿಯಲ್ಲಿ ಹೋರ್ಡಿಂಗ್ ಡಿಸಾರ್ಡರ್‌ಗೆ ಮೊದಲ ಸಲ ಸ್ವತಂತ್ರ ಸ್ಥಾನ ಸಿಕ್ಕಿತು. ಅದುವರೆಗೆ ಅದನ್ನು ಗೀಳು ಮನೋರೋಗದ, ಅಂದರೆ ಒಸಿಡಿಯ, ಒಂದು ಲಕ್ಷಣವೆಂದೇ ನೋಡಲಾಗುತ್ತಿತ್ತು. 2022ರ ಜನವರಿ 1ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯೂ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿಕೊಂಡಿದೆ.

ವೈದ್ಯರು ನೋಡುವುದು ಸಾಮಾನಿನ ರಾಶಿಯನ್ನಷ್ಟೇ ಅಲ್ಲ. ವಸ್ತುವಿಗೆ ಬೆಲೆ ಇರಲಿ, ಇಲ್ಲದಿರಲಿ, ಅದನ್ನು ಬಿಟ್ಟುಕೊಡಲು ಆಗದಿರುವುದು ಮೊದಲ ಲಕ್ಷಣ. ಬಿಡಬೇಕಾಗಿ ಬಂದಾಗ ಎದೆ ಹಿಂಡುವಂಥ ಸಂಕಟ. ಕೊನೆಗೆ ಅಡುಗೆಮನೆಯಲ್ಲಿ ಅಡುಗೆ ಮಾಡಲಾಗದೆ, ಮಂಚದ ಮೇಲೆ ಮಲಗಲಾಗದೆ, ಬಚ್ಚಲಿಗೆ ಹೋಗಲಾಗದೆ ಮನೆಯ ಕೋಣೆಗಳು ಒಂದೊಂದಾಗಿ ಕೈತಪ್ಪುವುದು. ಹೆಚ್ಚಿನವರಲ್ಲಿ ಇದರ ಜೊತೆಗೆ ಮತ್ತೆ ಮತ್ತೆ ಕೊಳ್ಳುವ, ಬಿಟ್ಟಿ ಸಿಕ್ಕಿದ್ದನ್ನೆಲ್ಲ ತರುವ ತುಡಿತವೂ ಇರುತ್ತದೆ. ಕೆಲವರು ಸಾಮಾನಿನ ಬದಲು ಪ್ರಾಣಿಗಳನ್ನು ತುಂಬಿಕೊಳ್ಳುತ್ತಾರೆ. 2025ರ ಫೆಬ್ರವರಿಯಲ್ಲಿ ಪುಣೆಯ ಹಡಪ್ಸರ್‌ನ ಒಂದು ಫ್ಲಾಟಿನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳಿದ್ದ ಸುದ್ದಿ ದೇಶದಾದ್ಯಂತ ಹರಿದಾಡಿತು. ಅಲ್ಲಿ ಕಾಯಿಲೆ ಇತ್ತೋ ಇಲ್ಲವೋ ವೈದ್ಯರೇ ಹೇಳಬೇಕು. ಆದರೆ ಸುದ್ದಿಯ ತುಂಬ ದುರ್ವಾಸನೆ, ನೋಟಿಸು, ಪೊಲೀಸರ ಮಾತೇ ಇತ್ತು. ಆ ಮನೆಯವರಿಗೆ ಏನಾದರೂ ನೆರವು ಬೇಕಿತ್ತೇ ಎಂಬ ಪ್ರಶ್ನೆ ಅಷ್ಟಾಗಿ ಕೇಳಲಿಲ್ಲ.

ಕೂಡಿಡುವವರೆಲ್ಲ ರೋಗಿಗಳೂ ಅಲ್ಲ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ‘ಪುಸ್ತಕ ಮನೆ’ ಕಟ್ಟಿದ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದಾಗಿನಿಂದ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತ, ಸಂಬಳವನ್ನು ಸುರಿದು ಲಕ್ಷಗಟ್ಟಲೆ ಪುಸ್ತಕ ಕೂಡಿಸಿದರು. ವಿದ್ಯಾರ್ಥಿಗಳು, ಸಂಶೋಧಕರು ಅಲ್ಲಿಗೆ ಬಂದು ಓದುತ್ತಾರೆ. ಮಣಿಪಾಲದಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು, ಜನ ಕೆಡವಿ ಮಾರುತ್ತಿದ್ದ ಹಳೆ ಮನೆಗಳ ಕಂಬ, ಬಾಗಿಲು, ಪಾತ್ರೆಗಳನ್ನು ತಂದು ಹೆರಿಟೇಜ್ ವಿಲೇಜ್ ಎಬ್ಬಿಸಿದರು. ಸಂಗ್ರಹಕಾರ ತನ್ನ ಸಂಗ್ರಹವನ್ನು ತೋರಿಸಲು ಬಾಗಿಲು ತೆಗೆಯುತ್ತಾನೆ. ಕೂಡಿಡುವ ಗೀಳಿಗೆ ಸಿಕ್ಕವರ ಮನೆಯಲ್ಲಿ ಕರೆಗಂಟೆ ಬಾರಿಸಿದರೆ ಒಳಗಿದ್ದವರ ಜೀವ ನಡುಗುತ್ತದೆ. ಆದ್ದರಿಂದ ಎಷ್ಟಿದೆ ಎಂದು ಲೆಕ್ಕ ಹಾಕುವುದು ಇಲ್ಲಿ ಪ್ರಯೋಜನಕ್ಕೆ ಬಾರದು. ಆ ವಸ್ತುಗಳ ನಡುವೆ ಮನುಷ್ಯ ಬದುಕಲು ಆಗುತ್ತಿದೆಯೇ ಎಂದು ಕೇಳಬೇಕು.

ಈ ಕಾಯಿಲೆ ಮುಪ್ಪಿನದು ಎಂದು ಹಲವರು ತಿಳಿದಿದ್ದಾರೆ. ಅದು ಶುರುವಾಗುವುದು ಸಾಮಾನ್ಯವಾಗಿ 11ರಿಂದ 15ರ ವಯಸ್ಸಿನಲ್ಲಿ. ಹರೆಯದಲ್ಲಿ ಅದು ಬರೀ ಸ್ವಭಾವದಂತೆ ಕಾಣುತ್ತದೆ, ದಶಕದಿಂದ ದಶಕಕ್ಕೆ ಬಲಿಯುತ್ತದೆ. 55 ದಾಟಿದವರಲ್ಲಿ ಇದರ ಪ್ರಮಾಣ ಕಿರಿಯರಿಗಿಂತ ಸುಮಾರು ಮೂರು ಪಟ್ಟು. ನಡುವಿನ ಇಷ್ಟು ವರ್ಷ ಯಾಕೆ ಕಾಣುವುದಿಲ್ಲ? ಮನೆಯಲ್ಲಿ ಇನ್ನೊಬ್ಬರು ಸದ್ದಿಲ್ಲದೆ ಎತ್ತಿಡುತ್ತ, ಗುಡಿಸುತ್ತ, ಗುಜರಿಗೆ ಹಾಕುತ್ತ ಬಂದಿರುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ, ಅಥವಾ ಮಕ್ಕಳು ಬೆಂಗಳೂರಿಗೆ ಹೋಗಿ ನೆಲೆಸಿದ ಮೇಲೆ, ಎರಡು ಮೂರು ವರ್ಷದಲ್ಲಿ ಮನೆ ತುಂಬಿಬಿಡುತ್ತದೆ. ಊರವರು ‘ಹೆಂಡ್ತಿ ಹೋದ್ಮೇಲೆ ಹಿಂಗಾದ’ ಎನ್ನುತ್ತಾರೆ. ದುಃಖ ಕಾಯಿಲೆಯನ್ನು ಹೆಚ್ಚಿಸಿರಲೂಬಹುದು, ಆದರೆ ಮೊಳಕೆ ಬಹಳ ಹಳೆಯದು.

ಈ ಜಿಲ್ಲೆಯಲ್ಲಿ ಮನೆಯ ಆಕಾರವೂ ಬದಲಾಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಆಸುಪಾಸಿನ ವರ್ಷಗಳಲ್ಲಿ ಹೊಲಗಳು ಸೈಟುಗಳಾದವು, ನೆಲಮಂಗಲದ ಹೆದ್ದಾರಿಯುದ್ದಕ್ಕೂ ಗೋದಾಮುಗಳೆದ್ದವು, ತೊಟ್ಟಿಮನೆಗಳು ಪಾಲಾಗಿ 30-40ರ ಕಟ್ಟಡಗಳಾದವು. ಅಟ್ಟ, ಕೊಟ್ಟಿಗೆ, ಹಿತ್ತಲು ಇದ್ದ ಕಾಲದಲ್ಲಿ ಎಸೆಯಲಾಗದವರ ಸಾಮಾನಿಗೂ ಒಂದು ಮೂಲೆ ಸಿಗುತ್ತಿತ್ತು, ಅವರ ಕಷ್ಟ ಮನೆಯ ವಿಸ್ತಾರದಲ್ಲಿ ಮುಚ್ಚಿಹೋಗುತ್ತಿತ್ತು. ಈಗ ಅದೇ ಮನುಷ್ಯ ಎರಡು ಕೋಣೆಯ ಮನೆಯಲ್ಲಿದ್ದಾನೆ, ಪಕ್ಕದ ಗೋಡೆಗೆ ಅಂಟಿಕೊಂಡು ಇನ್ನೊಂದು ಮನೆ ಇದೆ, ಬಾಡಿಗೆ ಮನೆಯಾದರೆ ಮಾಲೀಕನ ಕಣ್ಣೂ ಇದೆ. ಜಾಗ ಕಿರಿದಾಯಿತು, ಮನೆಗೆ ಬಂದು ಬೀಳುವ ಅಗ್ಗದ ಸಾಮಾನು ಮಾತ್ರ ಹೆಚ್ಚಾಯಿತು. ಈ ಬದಲಾವಣೆ ಕಾಯಿಲೆಯನ್ನು ಹುಟ್ಟಿಸಿತು ಎನ್ನಲಾಗದು. ಮುಚ್ಚಿಟ್ಟುಕೊಳ್ಳಲು ಇದ್ದ ಜಾಗವನ್ನಂತೂ ಕಿತ್ತುಕೊಂಡಿತು.

ಎಷ್ಟು ಜನರಿಗಿದೆ? ಹೊರದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಶೇ 2.5ರ ಆಸುಪಾಸಿನ ಅಂದಾಜು ಕೊಟ್ಟಿತು. 2011ರ ಜನಗಣತಿಯ ಪ್ರಕಾರ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9,90,923. ಆ ಅಂದಾಜಿನ ಅರ್ಧದಷ್ಟು ಇಲ್ಲಿಗೆ ಹೊಂದಿದರೂ ಸಾವಿರಾರು ಜನ. ಆದರೆ ಇಲ್ಲಿ ಯಾರೂ ಎಣಿಸಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು, ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ. ಕೋಲಾರದಲ್ಲಿ ನಡೆದದ್ದು ಪೂರ್ವಭಾವಿ ಪರೀಕ್ಷೆ ಮಾತ್ರ. ಸಮೀಕ್ಷೆ ಎಣಿಸಿದ ಕಾಯಿಲೆಗಳಲ್ಲೂ ಇದಕ್ಕೆ ಬೇರೆ ಲೆಕ್ಕವಿರಲಿಲ್ಲ.

ನಮ್ಮ ನೆಲದ್ದೇ ಒಂದು ಸುಳಿವು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಗೀಳು ಮನೋರೋಗಕ್ಕೆ ಚಿಕಿತ್ಸೆಗೆ ಬಂದ 200 ಜನರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಹತ್ತರಲ್ಲಿ ಒಬ್ಬರಿಗೆ ಗಂಭೀರ ಮಟ್ಟದ ಕೂಡಿಡುವಿಕೆಯೂ ಇರುವುದು ಕಂಡಿತು. ಅಂಥವರಲ್ಲಿ ಗೀಳಿನ ತೀವ್ರತೆಯೂ ಹೆಚ್ಚು. ಇವರೆಲ್ಲ ಬೇರೆ ಗೀಳಿನ ದೆಸೆಯಿಂದಲಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಎಂಬುದನ್ನು ಗಮನಿಸಬೇಕು. ಬರೀ ಕೂಡಿಡುವ ಕಾಯಿಲೆ ಇರುವವರಿಗೆ ಬಹುಪಾಲು ತಮಗೆ ಏನೋ ಆಗಿದೆ ಎಂದೇ ಅನ್ನಿಸುವುದಿಲ್ಲ. ಕೈ ತೊಳೆಯುವ ಗೀಳಿನವರಿಗೆ ತಮ್ಮ ಗೀಳಿನಿಂದ ಆಗುವ ಹಿಂಸೆ ಇವರಿಗೆ ಸಾಮಾನಿನಿಂದ ಆಗುವುದಿಲ್ಲ. ಇವರಿಗೆ ಹಿಂಸೆಯಾಗುವುದು ಎಸೆಯುವಾಗ.

ಆ ಹಿಂಸೆ ನಾಟಕವಲ್ಲ. ಅಮೆರಿಕದ ಡೇವಿಡ್ ಟಾಲಿನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಯಿಲೆ ಇದ್ದವರಿಗೆ ಅವರದೇ ಮನೆಯ ಹಳೆ ಅಂಚೆ ಕಾಗದಗಳನ್ನು ತೋರಿಸಿ, ಇಟ್ಟುಕೊಳ್ಳಬೇಕೋ ಚೂರು ಮಾಡಬೇಕೋ ಎಂದು ಕೇಳುತ್ತ ಮಿದುಳನ್ನು ಸ್ಕ್ಯಾನ್ ಮಾಡಲಾಯಿತು. ಬೇರೆಯವರ ಕಾಗದ ಬಂದಾಗ ತಣ್ಣಗಿರುತ್ತಿದ್ದ ಮಿದುಳಿನ ಎರಡು ಭಾಗಗಳು, ತಮ್ಮ ಕಾಗದ ಬಂದ ಕೂಡಲೇ ಅತಿಯಾಗಿ ಕೆಲಸಕ್ಕಿಳಿದವು. ಯಾವುದು ಮುಖ್ಯ, ಯಾವುದರಲ್ಲಿ ಅಪಾಯ ಎಂದು ತೂಗುವ ಭಾಗಗಳು ಅವು. ಎಲ್ಲವೂ ಮುಖ್ಯ ಎಂದು ಮಿದುಳೇ ಕೂಗುತ್ತಿದ್ದರೆ 2009ರ ಕರೆಂಟ್ ಬಿಲ್ಲನ್ನು ಕಸದ ಬುಟ್ಟಿಗೆ ಹಾಕುವುದು ಆ ಮನುಷ್ಯನಿಗೆ ಸಣ್ಣ ಕೆಲಸವಾಗಿ ಉಳಿಯುವುದಿಲ್ಲ. ‘ಇಷ್ಟೂ ಆಗಲ್ವಾ?’ ಎಂಬ ಮನೆಯವರ ಪ್ರಶ್ನೆಗೆ ಉತ್ತರ, ನಿಜವಾಗಿಯೂ ಆಗುವುದಿಲ್ಲ.

ಹೀಗಿದ್ದೂ ಎಲ್ಲ ಕಡೆ ಮಾಡುವುದು ಒಂದೇ ಉಪಾಯ. ಅಪ್ಪನನ್ನು ಧರ್ಮಸ್ಥಳಕ್ಕೋ ತಿರುಪತಿಗೋ ಕಳಿಸುವುದು, ಅಥವಾ ಅಮ್ಮ ಆಸ್ಪತ್ರೆಯಲ್ಲಿರುವ ವಾರ ನೋಡಿಕೊಂಡು ಗುಜರಿಯವನನ್ನು ಕರೆಸಿ ಮನೆ ಖಾಲಿ ಮಾಡಿಸುವುದು. ಮಗಳ ಮದುವೆ ಗೊತ್ತಾದರೆ, ಗೃಹಪ್ರವೇಶವಿದ್ದರೆ, ಯುಗಾದಿ ಬಂದರೆ ಒತ್ತಡ ಇನ್ನೂ ಹೆಚ್ಚು. ಮಾಡುವವರ ಉದ್ದೇಶ ಒಳ್ಳೆಯದೇ. ಅವರೂ ಬಳಲಿದ್ದಾರೆ, ಅವರಿಗೂ ಒಳಗೊಳಗೇ ನಾಚಿಕೆ, ಸಿಟ್ಟು. ಆದರೂ ಇದು ಹಾನಿ ಮಾಡುತ್ತದೆ ಎಂಬುದನ್ನು ಮುಲಾಜಿಲ್ಲದೆ ಹೇಳಬೇಕು. ಮರಳಿ ಬಂದವರಿಗೆ ಮನೆ ದರೋಡೆಯಾದಂತೆ ಕಾಣುತ್ತದೆ. ಮಕ್ಕಳ ಮೇಲಿನ ನಂಬಿಕೆ ಹೋಗುತ್ತದೆ, ಬಾಗಿಲಿಗೆ ಹೊಸ ಬೀಗ ಬೀಳುತ್ತದೆ, ಖಿನ್ನತೆ ಕವಿಯುತ್ತದೆ. ಈ ಕಾಯಿಲೆ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೊದಲೇ ಖಿನ್ನತೆ ಅಥವಾ ಆತಂಕದ ಕಾಯಿಲೆ ಇರುತ್ತದೆ ಎನ್ನುವುದನ್ನು ಮರೆಯುವಂತಿಲ್ಲ. ಮೇಲಾಗಿ ಮನೆ ಮತ್ತೆ ತುಂಬುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನ ಆರೋಗ್ಯ ಇಲಾಖೆ ಒಂದೇ ಮನೆಯನ್ನು ಖಾಲಿ ಮಾಡಿಸಲು ತನ್ನ ಬಜೆಟ್ಟಿನ ಬಹುಪಾಲು, 16,000 ಡಾಲರ್, ಸುರಿಯಿತು. ಹದಿನೆಂಟು ತಿಂಗಳಲ್ಲಿ ಅದೇ ಮನೆ ಅದೇ ಸ್ಥಿತಿಯಲ್ಲಿತ್ತು. ಈ ಕ್ಷೇತ್ರದ ಆರಂಭದ ಸಂಶೋಧಕರಾದ ರ್‍ಯಾಂಡಿ ಫ್ರಾಸ್ಟ್ ಮತ್ತು ಗೇಲ್ ಸ್ಟೆಕೆಟಿ ದಾಖಲಿಸಿದ ಘಟನೆ ಇದು.

ಹಾಗೆಂದು ಸುಮ್ಮನೆ ಬಿಡಲೂ ಆಗದು. ಆಸ್ಟ್ರೇಲಿಯಾದ ಮೆಲ್ಬರ್ನ್ ಅಗ್ನಿಶಾಮಕ ದಳದ ಹತ್ತು ವರ್ಷಗಳ ದಾಖಲೆ ನೋಡಿದಾಗ, ಮನೆಗಳಿಗೆ ಬಿದ್ದ ಬೆಂಕಿಯಲ್ಲಿ ಇಂಥ ಮನೆಗಳ ಪಾಲು ಬರೀ ಶೇ 0.25, ತಡೆಯಬಹುದಾಗಿದ್ದ ಸಾವುಗಳಲ್ಲಿ ಶೇ 24. ದೊಡ್ಡಬಳ್ಳಾಪುರದಂಥ ನೇಕಾರರ ಊರಲ್ಲಿ, ಮನೆಯೊಳಗೇ ಮಗ್ಗ, ನೂಲು, ವಿದ್ಯುತ್ ತಂತಿ ಇರುವ ಬೀದಿಗಳಲ್ಲಿ ಆ ಎಚ್ಚರಿಕೆಗೆ ಇನ್ನೂ ತೂಕ ಬರುತ್ತದೆ. 1947ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕೋಲಿಯರ್ ಸೋದರರು ತಾವೇ ತುಂಬಿದ ಸಾಮಾನಿನ ನಡುವೆ ಸತ್ತರು. ಒಬ್ಬರು ರಾಶಿ ಕುಸಿದು, ಕಣ್ಣು ಕಾಣದ ಇನ್ನೊಬ್ಬರು ನೋಡಿಕೊಳ್ಳುವವರಿಲ್ಲದೆ. ಆ ಮನೆಯಿಂದ 100 ಟನ್‌ಗೂ ಹೆಚ್ಚು ವಸ್ತು ಹೊರಬಂತು.

ಆದ್ದರಿಂದ ಮೊದಲ ಕೆಲಸ ಸ್ವಚ್ಛತೆಗಿಂತ ಸುರಕ್ಷತೆ. ಬಾಗಿಲಿಂದ ಮಂಚದವರೆಗೆ, ಮಂಚದಿಂದ ಬಚ್ಚಲಿಗೆ ಕಾಲುದಾರಿ. ಗ್ಯಾಸ್ ಒಲೆಯ ಸುತ್ತ, ಸ್ವಿಚ್ ಬೋರ್ಡಿನ ಕೆಳಗೆ ಏನೂ ಇರಬಾರದು. ತಲೆಗಿಂತ ಎತ್ತರದ ರಾಶಿಯನ್ನು ತಗ್ಗಿಸಬೇಕು. ಇಷ್ಟನ್ನು ಎಸೆಯದೆಯೂ, ಬರೀ ಜರುಗಿಸಿ ಮಾಡಬಹುದು. ಅದಕ್ಕೆ ಆ ವ್ಯಕ್ತಿ ಒಪ್ಪುವ ಸಾಧ್ಯತೆ ಹೆಚ್ಚು. ‘ಈ ಕಸ ತೆಗಿ’ ಎನ್ನುವುದಕ್ಕಿಂತ ‘ರಾತ್ರಿ ಎದ್ದಾಗ ಬಿದ್ದುಬಿಟ್ರೆ ಅಂತ ನನಗೆ ಭಯ’ ಎನ್ನುವ ಮಾತು ಒಳಗೆ ಇಳಿಯುತ್ತದೆ. ಏನು ಹೋಗಬೇಕು, ಏನು ಇರಬೇಕು ಎಂಬ ತೀರ್ಮಾನ ಅವರದೇ ಆಗಬೇಕು, ಅವರ ಕೈಯಿಂದಲೇ ಆಗಬೇಕು. ದಿನಕ್ಕೆ ಒಂದು ಚೀಲವಾದರೂ ಸರಿ. ತೀರ್ಮಾನ ಮಾಡುವುದೇ ಅವರಿಗೆ ಕೈಗೂಡದ ವಿದ್ಯೆ, ಅಭ್ಯಾಸವಾಗಬೇಕಾದದ್ದೂ ಅದೇ.

ಚಿಕಿತ್ಸೆಯ ತಿರುಳೂ ಇದೇ. ಈ ಕಾಯಿಲೆಗೆಂದೇ ಮಾರ್ಪಡಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ವಸ್ತುಗಳನ್ನು ವಿಂಗಡಿಸುವುದು, ಬಿಟ್ಟಾಗ ಆಗುವ ಸಂಕಟವನ್ನು ತಾಳಿಕೊಳ್ಳುವುದು, ಹೊಸದನ್ನು ತರುವ ತುಡಿತವನ್ನು ತಡೆಯುವುದನ್ನು ತಿಂಗಳುಗಟ್ಟಲೆ ಕಲಿಸುತ್ತಾರೆ, ಕೆಲವು ಭೇಟಿಗಳನ್ನು ಮನೆಯಲ್ಲೇ ನಡೆಸುತ್ತಾರೆ. ಜೊತೆಗಿರುವ ಖಿನ್ನತೆ, ಆತಂಕಕ್ಕೆ ಔಷಧಿ ನೆರವಾಗುತ್ತದೆ. ಪೂರ್ತಿ ವಾಸಿಯಾಗುತ್ತದೆ ಎಂಬ ಭರವಸೆ ಕೊಟ್ಟರೆ ಸುಳ್ಳಾದೀತು. ಬಹಳ ಜನರಲ್ಲಿ ಸುಧಾರಣೆ ಆಗುತ್ತದೆ, ಲಕ್ಷಣಗಳು ಸ್ವಲ್ಪ ಉಳಿಯುತ್ತವೆ, ಆದರೂ ಮನೆ ಮತ್ತೆ ಮನೆಯಾಗಬಲ್ಲದು. ವಯಸ್ಸಾದವರಲ್ಲಿ ಈ ನಡವಳಿಕೆ ಹಠಾತ್ತನೆ ಶುರುವಾಗಿದ್ದರೆ ಮಾತ್ರ ತಡಮಾಡಬಾರದು. ಅದು ಮರೆಗುಳಿ ರೋಗದ, ಮಿದುಳಿನ ಮುಂಭಾಗ ಸವೆಯುವ ಕಾಯಿಲೆಯ ಸೂಚನೆಯಾಗಿರಬಹುದು. ಅದರ ದಾರಿಯೇ ಬೇರೆ.

ಇಷ್ಟೆಲ್ಲ ತಜ್ಞರು ಹಳ್ಳಿಗೆ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ 2018ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪ್ರಯೋಗವನ್ನು ತೋರಿಸಬೇಕು. ಕ್ಯಾರಲ್ ಮ್ಯಾಥ್ಯೂಸ್ ಮತ್ತು ಸಂಗಡಿಗರು 300ಕ್ಕೂ ಹೆಚ್ಚು ಜನರನ್ನು ಎರಡು ಬಗೆಯ ಗುಂಪುಗಳಿಗೆ ಹಂಚಿದರು. ಕೆಲವು ಗುಂಪುಗಳನ್ನು ಮನಶ್ಶಾಸ್ತ್ರಜ್ಞರು ನಡೆಸಿದರು, ಉಳಿದವನ್ನು ತರಬೇತಿ ಪಡೆದ ಸಾಮಾನ್ಯ ಜನರು. ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಸ್ತ್ರೀಶಕ್ತಿ ಗುಂಪು, ಸ್ವಸಹಾಯ ಸಂಘ ಹಳ್ಳಿಹಳ್ಳಿಯಲ್ಲೂ ಇರುವ ರಾಜ್ಯಕ್ಕೆ ಇದಕ್ಕಿಂತ ಹತ್ತಿರದ ಪಾಠ ಬೇಕಿಲ್ಲ.

ಕರ್ನಾಟಕಕ್ಕೆ ಮನೆಬಾಗಿಲಿನ ಮನೋವೈದ್ಯಕೀಯ ಹೊಸದೂ ಅಲ್ಲ. ನಿಮ್ಹಾನ್ಸ್ 1975ರಲ್ಲೇ ಸಮುದಾಯ ಮನೋವೈದ್ಯಕೀಯ ಘಟಕ ತೆರೆದು ಸಕಲವಾರದ ಸುತ್ತಲಿನ ಹಳ್ಳಿಗಳಿಗೆ ಇಳಿದಿತ್ತು. ಎಂಬತ್ತರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಮನೆಗೆ ಹೋಗಿ, ವರ್ಷಗಟ್ಟಲೆ ಜೊತೆಗಿದ್ದು ನೋಡಿಕೊಂಡ ಅನುಭವವಿದೆ. 2014ರಲ್ಲಿ ಶುರುವಾದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಬಂತು. ಕೊರತೆ ಇರುವುದು ಕೊನೆಯ ಕೊಂಡಿಯಲ್ಲಿ. ಮಂಗಳವಾರದ ಕ್ಲಿನಿಕ್ಕಿಗೆ ಈ ಕಾಯಿಲೆಯವರು ತಾವಾಗಿ ಬರುವುದಿಲ್ಲ, ಬಂದರೂ ಅವರ ಮನೆಯ ಸ್ಥಿತಿ ವೈದ್ಯರಿಗೆ ಕಾಣುವುದಿಲ್ಲ.

ಮನೆಯನ್ನು ಕಾಣುವವರು ಬೇರೆ ಇದ್ದಾರೆ. ಲಸಿಕೆಗೆ, ಬಾಣಂತಿಯ ವಿಚಾರಣೆಗೆ ಬರುವ ಆಶಾ ಕಾರ್ಯಕರ್ತೆ, ಪಂಚಾಯಿತಿಯ ಸ್ವಚ್ಛ ವಾಹಿನಿ ಓಡಿಸುವ ಹೆಣ್ಣುಮಕ್ಕಳು, ಮೀಟರ್ ಓದುವವರು, ಅಂಚೆಯಣ್ಣ. ಯಾವ ಮನೆಯಿಂದ ತಿಂಗಳಾದರೂ ಕಸ ಹೊರಬರುವುದಿಲ್ಲ, ಯಾವ ಬಾಗಿಲು ಒಂದು ಗೇಣಿಗಿಂತ ಹೆಚ್ಚು ತೆರೆಯುವುದಿಲ್ಲ ಎಂಬುದು ಇವರಿಗೆ ಗೊತ್ತು. ಈಗ ಆ ತಿಳಿವಳಿಕೆ ದೂರಾಗಿ ಪಂಚಾಯಿತಿಗೆ ಹೋಗುತ್ತದೆ, ಪಂಚಾಯಿತಿಯಿಂದ ನೋಟಿಸಾಗಿ ಮರಳುತ್ತದೆ. ಅದು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಸಮಾಜ ಕಾರ್ಯಕರ್ತರು ನೋಟಿಸಿಗೆ ಮೊದಲು ಆ ಮನೆಗೆ ಹೋಗಬೇಕು, ಜೆಸಿಬಿ ಮತ್ತು ಟ್ರ್ಯಾಕ್ಟರು ಕೊನೆಯ ಉಪಾಯವಾಗಬೇಕು. ಟೋಕಿಯೊದ ಅಡಾಚಿ ವಾರ್ಡು 2013ರಲ್ಲಿ ಜಾರಿಗೆ ತಂದ ಕಟ್ಟಳೆ ದಂಡಿಸುವುದಕ್ಕಿಂತ ನೆರವಾಗುವುದಕ್ಕೆ ಒತ್ತು ಕೊಟ್ಟಿತು. ಬ್ರಿಟನ್ ತನ್ನ 2014ರ ಕೇರ್ ಆಕ್ಟ್‌ನ ಮಾರ್ಗಸೂಚಿಯಲ್ಲಿ ಕೂಡಿಡುವಿಕೆಯನ್ನು ಸ್ಥಳೀಯ ಸಂಸ್ಥೆಗಳು ಕಾಳಜಿಯಿಂದ ನೋಡಬೇಕಾದ ವಿಷಯವೆಂದೇ ಬರೆದಿದೆ. ನಮ್ಮಲ್ಲೂ ಕಾನೂನಿನ ಆಸರೆ ಇದೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್, ಸರ್ಕಾರದ ಸೇವೆ ಪಡೆಯುವುದನ್ನು ಹಕ್ಕೆಂದು ಹೇಳುತ್ತದೆ, ಕುಟುಂಬಕ್ಕೆ ನೆರವು ಮತ್ತು ಮನೆಯಲ್ಲೇ ಪುನಶ್ಚೇತನವನ್ನು ಅದರಲ್ಲಿ ಸೇರಿಸುತ್ತದೆ. ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಶಕ್ತಿ ಪ್ರತಿಯೊಬ್ಬರಿಗೂ ಇದೆ ಎಂಬ ಭಾವನೆಯಿಂದಲೇ ಹೊರಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ.

ಕೆಲಸ ಶುರುಮಾಡಲು ಇನ್ನೊಂದು ಯೋಜನೆ ಬೇಕಿಲ್ಲ. ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಅರ್ಧ ದಿನ ಈ ಕಾಯಿಲೆಗೆ ಕೊಟ್ಟರೆ ಸಾಕು. ಫ್ರಾಸ್ಟ್ ತಂಡ ರೂಪಿಸಿದ ಚಿತ್ರಗಳ ಅಳತೆಯೊಂದಿದೆ: ಅಡುಗೆಮನೆ, ಮಲಗುವ ಕೋಣೆ, ಹಜಾರ, ಒಂದೊಂದಕ್ಕೂ ಒಂಬತ್ತು ಫೋಟೊ, ಖಾಲಿಯಿಂದ ಕಿಕ್ಕಿರಿದ ಹಂತದವರೆಗೆ. ಓದುಬರಹ ಬರದವರೂ ತಮ್ಮ ಮನೆ ಯಾವುದನ್ನು ಹೋಲುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಇಲ್ಲಿಯ ಮನೆಗಳ ಚಿತ್ರಗಳನ್ನಿಟ್ಟು ಅಂಥದ್ದೊಂದನ್ನು ನಿಮ್ಹಾನ್ಸ್ ಮಾಡಿಕೊಡಬಹುದು, ಮಾಡಿಕೊಡಬೇಕು.

ಅಲ್ಲಿಯವರೆಗೆ, ಮನೆಯವರ ಕೈಯಲ್ಲಿ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಕರೆ ಮಾಡಲು ಕಾಯಿಲೆ ಇರುವವರೇ ಬೇಕೆಂದಿಲ್ಲ. ಮಗ, ಸೊಸೆ, ಪಕ್ಕದ ಮನೆಯವರು ಮಾಡಬಹುದು. ಎಷ್ಟು ವರ್ಷದಿಂದ ಹೀಗಿದೆ, ಎಸೆಯಲು ಹೋದಾಗ ಏನಾಗುತ್ತದೆ, ಮಲಗುವುದು ಎಲ್ಲಿ, ಅಡುಗೆ ಎಲ್ಲಿ, ಇತ್ತೀಚೆಗೆ ಮರೆವು ಬಂದಿದೆಯೇ, ಮನೆಯಲ್ಲಿ ಯಾರಾದರೂ ತೀರಿಕೊಂಡರೇ, ಇಷ್ಟನ್ನು ಬರೆದಿಟ್ಟುಕೊಂಡು ಕರೆ ಮಾಡಿದರೆ ಅತ್ತ ಕಡೆ ಕೂತವರಿಗೆ ಮುಂದಿನ ದಾರಿ ಹೇಳುವುದು ಸುಲಭ. ಗುಜರಿಯವನಿಗೆ ಹೇಳಿಟ್ಟಿದ್ದರೆ, ಬರಬೇಡ ಎಂದು ಅವನಿಗೂ ಒಂದು ಮಾತು ತಿಳಿಸಿಬಿಡಬೇಕು.